ಗೂಡ್ಸ್ ಶೆಡ್ ಕೊಡದವನು

ನಾಟಿಂಗ್‌ಹ್ಯಾಮ್‌ನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ನಮ್ಮ ಊರಿಗೆ ಸ್ಥಳಪುರಾಣವೇನೂ ಇಲ್ಲ. ಸುತ್ತ ತಟ್ಟೆಯಂತೆ ಸಮನಾದ ಹೊಲ, ಗೋಧಿ, ಬಾರ್ಲಿ. ಹಿಂದೆ ಇಲ್ಲಿ ಒಂದು ಮನೆಯೂ ಇರಲಿಲ್ಲವಂತೆ. ಧಾನ್ಯ ತುಂಬಲೆಂದು ರೈಲು ಕಂಪನಿ ಬಯಲಲ್ಲಿ ಸ್ಟೇಷನ್ ಕಟ್ಟಿತು. ಅದರ ಬೆನ್ನಿಗೆ ಪಬ್ಬು, ಚರ್ಚು, ಒಂದು ಸಾಲು ಕೆಂಪು ಇಟ್ಟಿಗೆಯ ಮನೆಗಳು ಬಂದವು. ಈಗ ಹಳಿ ಕಿತ್ತು ಸೈಕಲ್ ದಾರಿ ಮಾಡಿದ್ದಾರೆ. ಗೂಡ್ಸ್ ಶೆಡ್ ಊರಿನ ಹಾಲ್ ಆಗಿದೆ.

ಇದನ್ನೆಲ್ಲ ನನಗೆ ಹೇಳಿದವನು ಆ ಹಾಲ್ ಕಮಿಟಿಯ ಮುಖ್ಯಸ್ಥ, ಒಬ್ಬ ಮುದುಕ ರೈತ. ವಯಸ್ಸಿಗಾದರೂ ಬೆಲೆ ಕೊಟ್ಟು 'ಅವರು' ಎನ್ನಬೇಕು. ಎನ್ನುವುದಿಲ್ಲ. ಅವನ ಮುತ್ತಜ್ಜ ಮೊದಲ ರೈಲಿನಿಂದ ಒಂದು ಪೆಟ್ಟಿಗೆ ಹಿಡಿದು ಇಳಿದನಂತೆ. ದೇವರೇ ಧರೆಗಿಳಿದ ಹಾಗೆ ಅದನ್ನು ವರ್ಣಿಸುತ್ತಿದ್ದ.

ನನ್ನ ಗಂಡ ಈ ಊರಿನ ಡಾಕ್ಟರಾಗಿದ್ದರು, ಇಲ್ಲಿಯವರ ಮಾತಿನಲ್ಲಿ ಜಿಪಿ. ಈ ಮುದುಕನ ಮಂಡಿನೋವು, ಅವನ ಹೆಂಡತಿಯ ಬಿಪಿ ಎಲ್ಲ ನೋಡಿದವರು ಅವರೇ. ಹಿಮ ಬಿದ್ದು ಕಾರು ಹೊರಡದ ದಿನ ನಡೆದೇ ಅವನ ಮನೆಗೆ ಹೋದದ್ದುಂಟು. ಅಂಥವರು ತೀರಿಕೊಂಡಾಗ, ವೈಕುಂಠ ಸಮಾರಾಧನೆಯ ಊಟಕ್ಕೆ ಒಂದು ದಿನ ಹಾಲ್ ಕೊಡಿ ಎಂದು ನಾನೇ ಹೋಗಿ ಕೇಳಿದೆ. ಬಾಗಿಲಲ್ಲೇ ನಿಲ್ಲಿಸಿ ಹೇಳಿದ: "ಹಾಲ್ ಊರಿನ ಕುಟುಂಬಗಳಿಗೆ ಮಾತ್ರ. ನಿಮ್ಮ ಅಡುಗೆ ವಾಸನೆ ವಾರವಾದರೂ ಹೋಗಲ್ಲ."

ರೈಲಿನಿಂದ ಇಳಿದವನ ವಂಶ ಊರಿನದು. ವಿಮಾನದಿಂದ ಇಳಿದು ಇಡೀ ಊರಿನ ಎದೆಗೆ ಸ್ಟೆತಸ್ಕೋಪ್ ಇಟ್ಟವರು ಹೊರಗಿನವರು. ಕೊನೆಗೆ ನಾಟಿಂಗ್‌ಹ್ಯಾಮ್‌ನ ಗೆಳತಿಯ ಮನೆಯ ಗ್ಯಾರೇಜಿನಲ್ಲಿ, ಹುಲ್ಲು ಕತ್ತರಿಸುವ ಮೆಷಿನ್ನನ್ನು ಪಕ್ಕಕ್ಕೆ ಸರಿಸಿ, ಬಂದವರಿಗೆ ಎಲೆ ಹಾಕಿದೆವು. ಬಡಿಸುತ್ತಾ ನಾನು ಅಳಲಿಲ್ಲ. ಹೊಟ್ಟೆ ಉರಿಯುತ್ತಿತ್ತು.

ವರ್ಷಗಳು ಕಳೆದವು, ಉರಿ ಆರಲಿಲ್ಲ. ಕಳೆದ ಚಳಿಗಾಲದಲ್ಲಿ ಅವನ ಹೆಂಡತಿ ಸತ್ತಳು. ಅಂತ್ಯಕ್ರಿಯೆಯ ನಂತರ ಅದೇ ಹಾಲ್‌ನಲ್ಲಿ ಚಹಾ, ಸ್ಯಾಂಡ್‌ವಿಚ್. ಗೆಳತಿಯನ್ನು ಕರೆದುಕೊಂಡು ನಾನೂ ಹೋದೆ. ಸಂತಾಪಕ್ಕಲ್ಲ, ಸೇಡಿಗೆ. ನಮ್ಮಲ್ಲಿ ಸಾವಿನ ಮನೆಯಿಂದ ಹೊರಡುವಾಗ ಯಾರೂ ಹೋಗಿ ಬರುತ್ತೇನೆ ಎನ್ನುವುದಿಲ್ಲ. ಹಾಗೆಂದರೆ ಆ ಮನೆಯಲ್ಲಿ ಇನ್ನೊಂದು ಸಾವನ್ನು ಕರೆದಂತೆ. ನಾನು ಅವನ ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ಇಂಗ್ಲಿಷಿನಲ್ಲಿ ಅದನ್ನೇ ಹೇಳಿದೆ. ಹೋಗುತ್ತೇನೆ, ಮತ್ತೆ ಬರುತ್ತೇನೆ.

ಕಾರಿನಲ್ಲಿ ಗೆಳತಿ ಸೀಟ್‌ಬೆಲ್ಟನ್ನೂ ಹಾಕದೆ ನನ್ನ ಕಡೆ ತಿರುಗಿದಳು. "ಏನಕ್ಕ, ಸಾವಿನ ಮನೇಲಿ ಹಾಗಂತಾರಾ? ಮರ್ತೋಯ್ತಾ?"

"ಮರ್ತಿಲ್ಲ. ಬೇಕಂತಲೇ ಅಂದೆ."

"ಪಾಪ, ಅವ್ನು ಥ್ಯಾಂಕ್ಯೂ ಅಂದ್ನಲ್ಲಕ್ಕ."

ನಿಜ. ನನ್ನ ಶಾಪ ಅವನಿಗೆ ಉಪಚಾರದ ಮಾತಾಗಿ ಕೇಳಿಸಿತ್ತು. ಅಷ್ಟು ಜನರಲ್ಲಿ ಮತ್ತೆ ಬರುತ್ತೇನೆಂದವಳು ನಾನೊಬ್ಬಳೇ ಎಂದು ಕಣ್ಣು ಒರೆಸಿಕೊಂಡಿದ್ದ. ಗುರುವಾರ ಮನೆಗೆ ಬನ್ನಿ, ಆ ದಿನ ನನ್ನ ಜೊತೆ ಯಾರೂ ಇರಲ್ಲ ಎಂದಿದ್ದ. ಇಷ್ಟು ವರ್ಷ ಮಸೆದ ಕತ್ತಿ ಬೆಣ್ಣೆ ಸವರಲು ಬಳಕೆಯಾದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ?

ನಾನು ಹೋಗಲಿಲ್ಲ. ಆದರೆ ಅದರ ಮುಂದಿನ ಗುರುವಾರ ಸೈಕಲ್ ದಾರಿಯಲ್ಲಿ ವಾಕಿಂಗ್ ಹೋಗುವಾಗ ಅವನು ತನ್ನ ಮನೆಯ ಗೇಟಿನ ಬಳಿಯೇ ನಿಂತಿದ್ದ. ಕೋಟಿನ ಗುಂಡಿಗಳನ್ನು ಹೇಗೆಂದರೆ ಹಾಗೆ ಹಾಕಿಕೊಂಡಿದ್ದ.

"ಹೋದ ವಾರ ಕಾದೆ," ಎಂದ. "ಕೇಕ್ ತಂದಿಟ್ಟಿದ್ದೆ. ಇವತ್ತಾದ್ರೂ ಒಳಗೆ ಬನ್ನಿ."

"ಬರಲ್ಲ."

"ಯಾಕೆ?"

"ಯಾಕೆ ಅಂತ ನಿಮಗೆ ಗೊತ್ತು."

ಅವನು ನನ್ನ ಮುಖವನ್ನೇ ನೋಡಿದ. ನಟನೆಯಾಗಿದ್ದರೆ ನನಗೆ ತಿಳಿಯುತ್ತಿತ್ತು. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ನಾನು ಉಣ್ಣುವಾಗ, ಮಲಗುವಾಗ ಹೊತ್ತುಕೊಂಡಿದ್ದ ಮಾತನ್ನು ಅವನು ಅವತ್ತೇ ಬಾಗಿಲು ಮುಚ್ಚಿ ಮರೆತಿದ್ದ.

ಆಗ ಹೇಳಿದೆ. ನಿಧಾನವಾಗಿ, ಒಂದೂ ಬಿಡದೆ. ಅವನ ಬಾಗಿಲು, ನನ್ನ ಸೂತಕ, ಅಡುಗೆ ವಾಸನೆ, ಗೆಳತಿಯ ಗ್ಯಾರೇಜು. ಹಿಮದಲ್ಲಿ ನಡೆದು ಬಂದ ಡಾಕ್ಟರ ಹೆಸರನ್ನೂ ಹೇಳಿದೆ.

ಅವನು ಗೇಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನಾನು ಹಾಗಂದ್ನಾ? ಅವರ ಸಾವಿಗೆ?"

"ಅಂದ್ರಿ."

ಕ್ಷಮೆ ಕೇಳಲು ಬಾಯಿ ತೆರೆದನೇನೋ. ಕೇಳಿಸಿಕೊಳ್ಳಲು ನಾನು ನಿಲ್ಲಲಿಲ್ಲ. ಇನ್ನು ಅದನ್ನು ಅವನೂ ನೆನಪಿಟ್ಟುಕೊಂಡು ಒಬ್ಬನೇ ಕೂರಲಿ.