ಹಿಟ್ಟಿನ ಮೇಲಿನ ಮಗ್ಗಿ

ಕುದಿಯುವ ಎಸರು ಬಿದ್ದ ಜೋಳದ ಹಿಟ್ಟಿಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬೇಕು. ಇವತ್ತು ಬೆಳಿಗ್ಗೆ ಆ ವಾಸನೆಗೇ ನನಗೆ ಎಚ್ಚರವಾಯಿತು. ಕಣ್ಣಿನ ಪೊರೆ ತೆಗೆಸಲು ಅಕ್ಕ ಗಂಗವ್ವ ಬಬಲೇಶ್ವರದಿಂದ ವಿಜಯಪುರದ ನಮ್ಮ ಮನೆಗೆ ಬಂದಿದ್ದಾಳೆ. ನಾಳೆ ಆಪರೇಷನ್. ಸುಮ್ಮನೆ ಕೂಡು ಅಂದರೆ ಕೇಳುವ ಪೈಕಿ ಅಲ್ಲ. ಹೋಗಿ ನೋಡಿದರೆ, ಎರಡನೆಯ ಸಲಕ್ಕೆ ಪರಾತದಲ್ಲಿ ಹಿಟ್ಟು ಸುರಿದುಕೊಂಡು ಅಂಗೈಯಿಂದ ಸಪಾಟು ಮಾಡುತ್ತಿದ್ದಳು. ರೊಟ್ಟಿಗೆ ಅದರ ಅಗತ್ಯವಿಲ್ಲ. ಯಾಕೆ ಮಾಡುತ್ತಾಳೆಂದು ನನಗೊಬ್ಬನಿಗೇ ಗೊತ್ತು.

ಎಪ್ಪತ್ತರ ದಶಕದ ಮಾತು. ನಾವಾಗ ತಿಕೋಟಾದಲ್ಲಿದ್ದೆವು. ಅಪ್ಪ ದರ್ಜಿ, ಅವ್ವ ದಿನವಿಡೀ ಅಂಗಿಗಳಿಗೆ ಕಾಜಾ ಹಾಕುತ್ತಿದ್ದಳು. ನಾನು ಮೂರನೆಯ ಇಯತ್ತೆ, ಅಕ್ಕ ಐದನೆಯದು. ಆ ವರ್ಷ ಊರಿಗೆ ವಾಂತಿಭೇದಿ ಹೊಕ್ಕು ಶಾಲೆಗೆ ಬೀಗ ಬಿತ್ತು. ನನಗೋ ಹಬ್ಬ. ಮಾಸ್ತರರ ಬೆತ್ತ ಕಂಡರೆ ಮಗ್ಗಿ ಹಾಗಿರಲಿ, ನನ್ನ ಹೆಸರೇ ಮರೆತುಹೋಗುತ್ತಿತ್ತು. ಮುಂದೆ ನಾನೇ ಮೂವತ್ತು ವರ್ಷ ಗಣಿತದ ಮಾಸ್ತರನಾದೆ ಅಂದರೆ ನಗಬೇಡಿ.

ಹಬ್ಬ ಮೂರೇ ದಿನಕ್ಕೆ ಮುಗಿಯಿತು. ಬೀಗ ಬಿದ್ದದ್ದು ಶಾಲೆಗೆ, ಓದಿಗಲ್ಲ ಅಂತ ಅಕ್ಕ ತೀರ್ಮಾನಿಸಿಬಿಟ್ಟಳು. ಅವ್ವನ ಕೈಗೆ ಬಿಡುವಿಲ್ಲದ್ದರಿಂದ ರೊಟ್ಟಿಯ ಕೆಲಸ ಅವಳದೇ. ಅದಕ್ಕೇ ನನ್ನನ್ನು ಒಲೆಯ ಮುಂದೆ ಕೂಡಿಸಿಕೊಂಡು, ಹಿಟ್ಟನ್ನು ಸಪಾಟು ಮಾಡಿ, "ಬರಿ" ಅನ್ನುತ್ತಿದ್ದಳು. ನಾನು ಬೆರಳಿನಿಂದ ಮಗ್ಗಿ ಬರೆಯಬೇಕು. ತಪ್ಪಿದರೆ ಅಂಗೈ ಆಡಿಸಿ ಅಳಿಸುವಳು, ಮತ್ತೆ ಮೊದಲಿನಿಂದ. ಸರಿಯಾದರೆ ಮಾತ್ರ ಅದರ ಮೇಲೆ ಎಸರು ಹೊಯ್ದು ಹಿಟ್ಟು ನಾದುವಳು. ಅಂದರೆ ನನ್ನ ಏಳರ ಮಗ್ಗಿ ಮುಗಿಯುವ ತನಕ ಇಡೀ ಮನೆಗೆ ಉಪವಾಸ.

"ಯಪ್ಪಾ, ಲಗೂನ ಮುಗಸೋ, ಹೊಟ್ಟಿ ತಾಳ ಹಾಕಾಕತ್ತೈತಿ" ಅಂತ ಅಪ್ಪ ಮಿಷನ್ನಿನ ಮುಂದಿನಿಂದಲೇ ಕೂಗುತ್ತಿದ್ದ.

"ಏಳೆಂಟ್ಲೆ ತಪ್ಪೇತಿ. ಇನ್ನೊಮ್ಮಿ ಬರಿ" ಅಂತ ಅಕ್ಕ ನನಗೆ ಹೇಳುವಳು. ಅಪ್ಪನ ಹಸಿವಿಗೂ ರಿಯಾಯಿತಿ ಇರಲಿಲ್ಲ.

ಒಮ್ಮೆಯೂ ಹೊಡೆಯಲಿಲ್ಲ. ನಾನು ಕಲಿತದ್ದು ಹಾಗೆ. ರೊಟ್ಟಿ ಬಡಿಯುತ್ತ ಅವಳು ತನ್ನ ಐದನೆಯ ಇಯತ್ತೆಯ ಪದ್ಯಗಳನ್ನು ಬಾಯಿಪಾಠ ಹೇಳಿಕೊಳ್ಳುತ್ತಿದ್ದಳು. ಶಾಲೆ ತೆರೆಯುತ್ತದೆ ಎಂಬ ಸುದ್ದಿ ಬಂದದ್ದೇ ತಡ, ತನ್ನ ಪಾಟಿಚೀಲ ಒಗೆದು ಬೇಲಿಯ ಮೇಲೆ ಒಣಹಾಕಿದಳು.

ಆ ಸಂಜೆ ಅಪ್ಪ ನನ್ನನ್ನು ಕರೆದ. "ನಿಮ್ಮಕ್ಕ ಹೆಂಗ ಕಲಸ್ತಾಳಲೇ?"

"ಮಾಸ್ತರ್‌ಗಿಂತ ಛಲೋ ಕಲಸ್ತಾಳ" ಅಂದೆ. ಖರೆಯನ್ನೇ ಹೇಳಿದೆ.

"ಇಷ್ಟೆಲ್ಲಾ ಬರತೈತೆಂದ್ರ ಇಕಿಗೆ ಸಾಲಿ ಯಾಕಬೇಕು? ಮನ್ಯಾಗಿದ್ದು ನಿನಗ ಹೇಳಿಕೊಡಲಿ, ರೊಟ್ಟೀನೂ ಆಗತಾವ. ಏನಂತಿ?"

ಒಂದು ಗಳಿಗೆ ಯೋಚಿಸಿದೆ. ಸುಳ್ಳು ಹೇಳುವುದಿಲ್ಲ, ಯೋಚಿಸಿಯೇ ಹೇಳಿದ್ದು. ಮಾಸ್ತರರ ಬೆತ್ತ ನೆನಪಾಯಿತು, ಅಕ್ಕನಿಗೆ ತನ್ನ ಓದು ಇಲ್ಲದಿದ್ದರೆ ಸಂಜೆಯೆಲ್ಲ ನನಗೇ ಹೇಳಿಕೊಡುತ್ತಾಳೆ, ಪಾಠದ ಚಿಂತೆ ಇಲ್ಲ ಅನ್ನಿಸಿತು.

"ಹೂಂ" ಅಂದೆ.

ಮರುದಿನ ನಾನೊಬ್ಬನೇ ಶಾಲೆಗೆ ಹೋದೆ. ಅಕ್ಕ ಅಳಲಿಲ್ಲ, ಜಗಳಾಡಲಿಲ್ಲ. ಅವತ್ತು ಸಂಜೆಯೂ ಹಿಟ್ಟು ಸಪಾಟು ಮಾಡಿ "ಬರಿ" ಅಂದಳು. ವಾರದೊಳಗೆ ಆ ಒಗೆದ ಪಾಟಿಚೀಲದಲ್ಲಿ ಅವ್ವ ದಾರದ ಉಂಡೆ, ಗುಂಡಿಗಳನ್ನು ತುಂಬಿಟ್ಟಳು. ಕೆಲವು ವರ್ಷಕ್ಕೆ ಅಕ್ಕ ಮದುವೆಯಾಗಿ ಬಬಲೇಶ್ವರಕ್ಕೆ ಹೋದಳು. ನಾನು ಮಾಸ್ತರನಾಗಿ, ಸಿಕ್ಕ ಸಭೆಗಳಲ್ಲೆಲ್ಲ ಹೆಣ್ಣುಮಕ್ಕಳನ್ನು ಓದಿಸಿರಿ ಎಂದು ಭಾಷಣ ಬಿಗಿದೆ. ಜನ ಚಪ್ಪಾಳೆ ತಟ್ಟಿದರು. ನನ್ನಷ್ಟು ನಾಚಿಕೆಗೆಟ್ಟವನು ಇನ್ನೊಬ್ಬನಿಲ್ಲ.

ಇವತ್ತು ಆ ಹಿಟ್ಟು ನೋಡಿ ತಡೆಯಲಾಗಲಿಲ್ಲ. "ಅಕ್ಕಾ, ನಿನ್ನ ಸಾಲಿ ಬಿಡಿಸಿದ್ದು ಅಪ್ಪ ಅಲ್ಲ, ನಾನು" ಅಂದುಬಿಟ್ಟೆ.

ಅವಳು ತಲೆ ಎತ್ತಲಿಲ್ಲ. "ಗೊತ್ತೈತಿ. ಬಾಗಲಾ ಹಿಂದ ನಿಂತಿದ್ನಿ."

ಐವತ್ತು ವರ್ಷ! ಅವತ್ತು ಸಂಜೆ "ಬರಿ" ಅಂದಾಗಲೂ ಅವಳಿಗೆ ಎಲ್ಲ ಗೊತ್ತಿತ್ತು.

"ಮಾಸ್ತರ್‌ಗಿಂತ ಛಲೋ ಅಂದೆಲ್ಲಾ, ಅದನ್ನ ಕೇಳಿ ಖುಷಿ ಆತು ನನಗ" ಅಂದಳು. ಎಸರು ಹೊಯ್ದು ಹಿಟ್ಟು ನಾದಿದಳು. ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಿದ ಮೇಲೆ, ಪೊರೆ ಬಂದ ಕಣ್ಣನ್ನು ನನ್ನ ಕಡೆ ತಿರುಗಿಸಿದಳು.

"ಅಕ್ಕನೂ ಸಾಲಿಗೆ ಬರಲಿ ಅಂದಿದ್ರ ನಿನ್ನ ಗಂಟೇನ್ ಹೋಗತಿತ್ತೋ?"

ರೊಟ್ಟಿ ನನ್ನ ತಾಟಿಗೆ ಬಿತ್ತು.