ಇಲಿ ಡಾಕ್ಟರು

ಇಲಿಯ ಹೃದಯದ ಮೇಲೆ ಸಂಶೋಧನೆ ಮಾಡಿ ಪಿಎಚ್‌.ಡಿ. ಪಡೆದ ಅವಳು ಬೀದಿಯವರಿಗೆಲ್ಲ ‘ಇಲಿ ಡಾಕ್ಟರು’. ಕೆಮ್ಮಿದವರೂ ಕುಂಟಿದವರೂ ಅವಳ ಬಾಗಿಲನ್ನೇ ತಟ್ಟುತ್ತಾರೆ. “ನಾನು ಆ ಡಾಕ್ಟರಲ್ಲ ಅಕ್ಕ” ಎಂದರೆ, “ಇರ್ಲಿ ಬಿಡಮ್ಮ, ಇಲಿಗೆ ಕೊಡೋದನ್ನೇ ಸ್ವಲ್ಪ ಜಾಸ್ತಿ ಕೊಡು” ಎನ್ನುತ್ತಾರೆ. ಈಗ ವರ್ಷ ವರ್ಷವೂ ಅವಳು ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುತ್ತಾಳೆ. ಪ್ರವೇಶ ಪರೀಕ್ಷೆಯ ಗೇಟಿನಲ್ಲಿ ಕಾವಲುಗಾರ, “ಮಕ್ಕಳನ್ನ ಬಿಟ್ಟು ನೀವು ಆಚೆ ನಿಲ್ಲಿ ಅಮ್ಮ” ಎನ್ನುತ್ತಾನೆ. ದಾಖಲೆ ಪರಿಶೀಲಿಸುವವರು, “ಒಂದು ಸಲ ಡಾಕ್ಟರ್ ಆಗಿದ್ದು ಸಾಲದೇ?” ಎಂದು ನಗುತ್ತಾರೆ. ಅವಳೂ ನಗುತ್ತಾಳೆ, ಕಾರಣ ಮಾತ್ರ ಬಾಯಿಗೆ ಬರುವುದಿಲ್ಲ. ಅಪ್ಪ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದ ದಿನ, ಪ್ರಯೋಗಾಲಯದಿಂದ ಅವಳು ಓಡಿ ಬರುವವರೆಗೂ ಯಾರೂ ಆಂಬುಲೆನ್ಸ್ ಕರೆದಿರಲಿಲ್ಲ. “ದಾರಿ ಬಿಡ್ರಪ್ಪ, ಡಾಕ್ಟರ್ ಬಂದ್ರು” ಎಂದು ಎಲ್ಲರೂ ನೆಮ್ಮದಿಯಿಂದ ಸರಿದು ನಿಂತಿದ್ದರು.