ಕುಡಚಿಯಿಂದ ಬಂದ ಫೋನ್

ಮೊನ್ನೆ ಚಿಕ್ಕೋಡಿ ಬಸ್ಸಿನಲ್ಲಿ ಪಕ್ಕದ ಸೀಟಿನವರು ಹಣೆಗೆ ತಲೆನೋವಿನ ಮುಲಾಮು ಹಚ್ಚಿಕೊಂಡರು. ಆ ಘಾಟಿಗೆ ನನಗೆ ಸಂಖ್ಯಾಶಾಸ್ತ್ರ ಕಲಿಸಿದ ಸರ್ ನೆನಪಾದರು. ಹೆಂಡತಿ ಕಾಣೆಯಾದ ಆ ಐದು ದಿನ ಅವರು ಅದನ್ನೇ ಹಚ್ಚಿಕೊಂಡು ಕಾಲೇಜಿನ ಕಂಪ್ಯೂಟರ್ ಮುಂದೆ ಕೂತಿರುತ್ತಿದ್ದರು…

ಅವರ ಹೆಂಡತಿಗೆ ಮರೆವಿನ ಕಾಯಿಲೆ. ಒಂದು ಬೆಳಿಗ್ಗೆ ಹಸಿರು ಸೀರೆ ಉಟ್ಟು ಮನೆಯಿಂದ ಹೊರಟವರು ಯಾವುದೋ ಬಸ್ ಹತ್ತಿಬಿಟ್ಟರು. ಪೊಲೀಸರಿಗೆ ದೂರು ಕೊಟ್ಟು, ಫೋಟೊ ಹಂಚಿದ್ದೂ ಆಯಿತು. ಕೊನೆಗೆ ಸರ್ ತಮಗೆ ಗೊತ್ತಿದ್ದ ವಿದ್ಯೆಗೇ ಮೊರೆಹೋದರು. ಪರದೆಯ ಮೇಲೆ ನಮ್ಮ ಸೀಮೆಯ ನಕ್ಷೆ, ಅದರ ತುಂಬ ಹತ್ತು ಸಾವಿರ ಚುಕ್ಕಿ. ಒಂದೊಂದು ಚುಕ್ಕಿಯೂ ಆ ತಾಯಿ ಹೋಗಿರಬಹುದಾದ ಒಂದೊಂದು ದಾರಿ. ಗಂಟೆ ಕಳೆದಂತೆ ಅವು ಬಸ್ಸಿನ ವೇಗದಲ್ಲೋ ನಡಿಗೆಯಲ್ಲೋ ಚದುರುತ್ತಿದ್ದವು. ಯಾರಾದರೂ ಕಂಡೆವೆಂದು ಫೋನ್ ಮಾಡಿದರೆ, ಆ ಸುದ್ದಿಗೆ ಹೊಂದದ ಚುಕ್ಕಿಗಳು ಅಳಿದು ಹೊಂದುವವು ಹೆಚ್ಚುತ್ತಿದ್ದವು. ದಟ್ಟವಾದ ಕಡೆಗೆ ಸರ್ ತಮ್ಮನನ್ನು ಕರೆದುಕೊಂಡು ಮೋಟರ್‌ಸೈಕಲ್ ಮೇಲೆ ಹುಡುಕಲು ಹೋಗುತ್ತಿದ್ದರು.

ಫೋನ್ ಎತ್ತಿ, ವಹಿಯಲ್ಲಿ ಬರೆದು, ಕಂಪ್ಯೂಟರಿಗೆ ಹಾಕುವುದು ಅವರ ವಿದ್ಯಾರ್ಥಿನಿಯಾಗಿದ್ದ ನನ್ನ ಕೆಲಸ.

"ಬಂದ ಸುದ್ದಿ ಎಲ್ಲಾ ಹಾಕ್ಬೇಕವಾ. ಖರೇ ಅನಸ್ಲಿ, ಸುಳ್ಳ ಅನಸ್ಲಿ, ನೀ ಆರಸಾಕ ಹೋಗಬ್ಯಾಡ," ಎಂದಿದ್ದರು.

ನಾಲ್ಕನೆಯ ದಿನ ಐಗಳಿಯಿಂದ, ಅವರನ್ನು ಕಂಡೆವೆಂದು ಎರಡು ಫೋನ್ ಬಂದವು. ಬಹುಪಾಲು ಚುಕ್ಕಿಗಳು ಅತ್ತ ಗುಂಪುಗೂಡಿದವು. "ಜೀವಂತ ಅದಾಳ!" ಎಂದ ಸರ್, ಅಷ್ಟು ದಿನಗಳಲ್ಲಿ ಮೊದಲ ಸಲ ಹೊಟ್ಟೆತುಂಬ ಉಂಡು ಹೊರಟರು. ಅವರು ಹೋಗಿ ಅರ್ಧ ತಾಸಾಗಿರಲಿಲ್ಲ, ಕುಡಚಿಯಿಂದ ಹಣ್ಣಿನ ವ್ಯಾಪಾರಿಯೊಬ್ಬ ಫೋನ್ ಮಾಡಿದ.

"ಹಸರ ಸೀರಿ ಉಟ್ಟ ಬಾಯಾರು ಒಬ್ರು ಹೊಳಿ ದಂಡಿಗೆ ಕುಂತಾರ್ರಿ. ಕರದ್ರ ಮಾತಾಡವಲ್ರು. ಜಲ್ದಿ ಬರ್ರಿ."

ಹೊಳೆ ಎಂಬ ಮಾತಿಗೇ ಪರದೆಯತ್ತ ತಿರುಗಿದೆ; ಚುಕ್ಕಿಗಳು ಇನ್ನೊಂದು ದಿಕ್ಕಿನ ಐಗಳಿಯಲ್ಲೇ ದಟ್ಟವಾಗಿದ್ದವು. ಸರ್ ಮುಖದಲ್ಲಿ ಆಗಷ್ಟೇ ಮೂಡಿದ್ದ ಗೆಲುವು… ಬೇರೆ ಯಾರೋ ಇರಬೇಕು ಅಂದುಕೊಂಡೆ. "ಹೇಳತೇನ್ರಿ," ಎಂದು ಫೋನ್ ಇಟ್ಟೆ. ವಹಿಯಲ್ಲಿ ಬರೆದೆ. ಕಂಪ್ಯೂಟರಿಗೆ ಹಾಕಲಿಲ್ಲ, ಸರ್‌ಗೆ ಹೇಳಲೂ ಇಲ್ಲ.

ಮರುದಿನ ಬೆಳಿಗ್ಗೆ ಕುಡಚಿ ಹತ್ತಿರ ಹೊಳೆಯಲ್ಲಿ ಆ ತಾಯಿಯ ಹೆಣ ಸಿಕ್ಕಿತು.

ಹದಿನೈದು ದಿನ ಬಿಟ್ಟು ಕಾಲೇಜಿಗೆ ಬಂದ ಸರ್ ವಹಿ ತೆರೆದರು. ಕುಡಚಿಯ ಆ ಸಾಲಿನ ಮೇಲೆ ಬೆರಳಿಟ್ಟು ದಿನ, ಗಂಟೆ ಓದಿಕೊಂಡರು. ಆಮೇಲೆ ಅದನ್ನು ತಾವೇ ಕಂಪ್ಯೂಟರಿಗೆ ಹಾಕಿದರು. ಕುಡಚಿ ಕಡೆ ಉಳಿದಿದ್ದ ಏಳೆಂಟು ಚುಕ್ಕಿಗಳು ನೂರಾದವು, ಸಾವಿರವಾದವು.

"ಸರ್, ನಾನು…"

"ನಿನ್ನ ಮ್ಯಾಲ ಸಿಟ್ಟಿಲ್ಲವಾ. ಆದ್ರ ನೀ ಹಾಕಿದ್ದಿ ಅಂದ್ರ, ತಮ್ಮನ್ನರ ಆ ಕಡೆ ಕಳಸ್ತಿದ್ದೆ."

ಸರ್ ತೀರಿಕೊಂಡು ಎರಡು ವರ್ಷವಾಯಿತು. ತಪ್ಪಾಯಿತು ಎಂಬ ಮಾತು ಕೊನೆಗೂ ನನ್ನ ಬಾಯಿಂದ ಹೊರಡಲಿಲ್ಲ. ಈಗ ಅದೇ ವಿಷಯ ನಾನು ಕಲಿಸುತ್ತೇನೆ. ಆ ಚುಕ್ಕಿಗಳ ಲೆಕ್ಕದ ಪಾಠ ಬಂದಾಗ ಮಾತ್ರ ತರಗತಿಯನ್ನು ಬೇರೆಯವರಿಗೆ ಬಿಟ್ಟುಕೊಡುತ್ತೇನೆ. ಮಕ್ಕಳು ಯಾಕೆಂದು ಕೇಳಿದರೆ, ಗಂಟಲು ಸರಿಯಿಲ್ಲ ಎನ್ನುತ್ತೇನೆ.